ಏಳನೆಯ ಮಂಚ

"ಇನ್ನೊಂದ್ಸಲ ತಿರುಗಿಸಿ ನೋಡಿ ಅಕ್ಕ," ಎಂದು ಮಂಚದ ಕೆಳಗಿನಿಂದ, ಊರಿನವರು ಕಿಡಿ ಎಂದು ಕರೆಯುವ ವೆಲ್ಡರ್ ಕೂಗಿದ.

ಕಾಲ ಕಡೆಯ ಹಿಡಿಯನ್ನು ಅವಳು ತಿರುಗಿಸಿದಳು. ಕರ್ರ್ ಎಂದು ಸದ್ದು ಮಾಡಿ ಮಂಚದ ತಲೆಯ ಭಾಗ ಅರ್ಧ ಗೇಣು ಎದ್ದು ಅಲ್ಲೇ ನಿಂತುಬಿಟ್ಟಿತು. ಮೇಲೆ ಮಲಗಿದ್ದ ಕಂಡಕ್ಟರ್ ನಾಲಿಗೆ ಮಡಚಿ ಸೀಟಿ ಹೊಡೆದ.

"ಹೋಲ್ಡಾನ್! ಗಾಡಿ ಕೆಟ್ಟಿದೆ. ಎಲ್ರೂ ಇಳೀರಪ್ಪ, ಹಿಂದಿನ ಬಸ್ಸಿಗೆ ಬನ್ನಿ. ನಾನೊಬ್ಬ ಇಳಿಯಲ್ಲ, ನಂದು ಪಾಸು."

"ಸೊಂಟದ ಕೆಳಗೆಲ್ಲ ನಿಂತೋದ್ರೂ ಬಾಯಿಗೆ ಮಾತ್ರ ಬ್ರೇಕಿಲ್ಲ," ಎಂದಳು ಹೆಂಡತಿ. ಬೈದ ಹಾಗೂ ಇರಲಿಲ್ಲ, ನಕ್ಕ ಹಾಗೂ ಇರಲಿಲ್ಲ.

ಕೆಳಗಿದ್ದ ಕಿಡಿಗೆ ನಗು ಬರಲಿಲ್ಲ. ಅವನು ಬಂದದ್ದು ಮಂಚ ರಿಪೇರಿ ಮಾಡುವುದಕ್ಕಲ್ಲ, ಎತ್ತಿಕೊಂಡು ಹೋಗುವುದಕ್ಕೆ. ವೆಲ್ಡಿಂಗ್ ಸಾಮಾನಿನ ಅವನ ಹಳೆಯ ಟೆಂಪೋ ಬಾಗಿಲಿಗೆ ಬೆನ್ನು ಹಾಕಿ ನಿಂತಿತ್ತು. ಅದನ್ನು ಹೇಳಲಾಗದೆ ಅರ್ಧ ಗಂಟೆಯಿಂದ ಮಂಚದಡಿಯಲ್ಲಿ ಬೆನ್ನ ಮೇಲೆ ಮಲಗಿ, ಬಗ್ಗಿದ ಒಂದು ಪಿನ್ನನ್ನು ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವನ ಹಾಗೆ ತಟ್ಟುತ್ತಿದ್ದ.

ಊರಿನ ಸೇವಾ ಕ್ಲಬ್ಬಿನ ಹತ್ತಿರ ಇಂಥ ಮಂಚಗಳು ಏಳಿದ್ದವು. ಆಸ್ಪತ್ರೆಯಲ್ಲಿರುವಂಥವು, ಹಿಡಿ ತಿರುಗಿಸಿದರೆ ತಲೆ ಮೇಲೇಳುತ್ತದೆ. ಹಾಸಿಗೆ ಹಿಡಿದವರಿದ್ದ ಮನೆಗೆ ಕ್ಲಬ್ಬು ಅವನ್ನು ಪುಕ್ಕಟೆಯಾಗಿ ಕೊಡುತ್ತಿತ್ತು. ಒಳ್ಳೆಯ ಕೆಲಸವೇ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಕ್ಲಬ್ಬಿಗೆ ಒಂದು ರೂಢಿಯಿತ್ತು. ವರ್ಷಕ್ಕೊಮ್ಮೆ ಮೇಲಿನ ಕಚೇರಿಯಿಂದ ದೊಡ್ಡವರೊಬ್ಬರು ಬರುತ್ತಿದ್ದರು. ಅವರು ಬರುವ ಹಿಂದಿನ ದಿನ, ಕೊಟ್ಟಿದ್ದ ಸಾಮಾನನ್ನೆಲ್ಲ ಮನೆಮನೆಯಿಂದ ವಾಪಸು ತರಿಸಿ, ಹೊಸ ಬಣ್ಣ ಹೊಡೆಸಿ, ಸಾಲಾಗಿ ನಿಲ್ಲಿಸಿ, ರಿಬ್ಬನ್ ಕಟ್ಟಿ, ಆ ದೊಡ್ಡವರ ಕೈಯಲ್ಲಿ ಮತ್ತೆ 'ಲೋಕಾರ್ಪಣೆ' ಮಾಡಿಸುತ್ತಿದ್ದರು. ಗುರುವಾರ ಗುರುವಾರ ಬರುವ ಕ್ಲಬ್ಬಿನ ನಾಲ್ಕು ಪುಟದ ವಾರ್ತೆಯಲ್ಲಿ ಫೋಟೋ ಬರುತ್ತಿತ್ತು. ನಾಲ್ಕು ವರ್ಷದಿಂದ ಹೀಗೇ ನಡೆದು, ವಾರ್ತೆಯ ಕೊನೇ ಪುಟದಲ್ಲಿ 'ಈವರೆಗೆ ನೀಡಿದ ಮಂಚಗಳು: ಇಪ್ಪತ್ತೆಂಟು' ಎಂದಿತ್ತು. ಕೂಡಿಸಿದವರು ಯಾರು ಎಂದರೆ ಯಾರೂ ಅಲ್ಲ. ವರ್ಷ ವರ್ಷ ಬರೆದದ್ದು ನಿಜವೇ, ಅದೇ ಕೂಡಿಕೊಂಡಿತು ಅಷ್ಟೆ.

ತರುವವನು ಕಿಡಿ. ಬಣ್ಣ ಹೊಡೆಯುವವನೂ ಕಿಡಿ. ಹೋದ ವರ್ಷ ಟೈಲರ್ ಮನೆಯ ಮುದುಕಿಯ ಕೈಯಿಂದ, ಕ್ಲಬ್ಬೇ ಕೊಟ್ಟಿದ್ದ ಹಿಡಿದು ನಡೆಯುವ ಸ್ಟ್ಯಾಂಡನ್ನು, "ಎರಡೇ ದಿನ ಅಜ್ಜಿ," ಎಂದು ಬಿಡಿಸಿಕೊಂಡು ಬಂದವನು ಅವನೇ. ಗೋಡೌನಿನ ಬೀಗದ ಕೈ ಇಟ್ಟುಕೊಂಡವರು ಊರಿಗೆ ಹೋಗಿದ್ದರಿಂದ ಎರಡು ದಿನ ಐದಾಯಿತು. ವಾಪಸು ಒಯ್ದಾಗ ಟೈಲರ್ ಮಷಿನ್ನಿನಿಂದ ತಲೆಯೆತ್ತದೆ, "ನೀನೇ ಇಟ್ಕೋ. ಬಚ್ಚಲಲ್ಲಿ ಬಿದ್ಲು. ಇನ್ನು ಅವಳಿಗೆ ಬೇಕಾಗಲ್ಲ," ಅಂದಿದ್ದ.

ಆ ವಾರದ ವಾರ್ತೆಯಲ್ಲಿ ಮುದುಕಿಯ ಸುದ್ದಿ ಇರಲಿಲ್ಲ.

ಪಿನ್ನು ಕೊನೆಗೂ ನೆಟ್ಟಗಾಯಿತು. ತೆವಳಿಕೊಂಡು ಹೊರಬಂದ ಕಿಡಿಯ ಕಣ್ಣಿಗೆ ಆಗಲೇ ಬಿದ್ದದ್ದು, ಆಚೆ ಗೋಡೆಯ ಬುಡದಲ್ಲಿ ನೆಲದ ಮೇಲೆ ಹಾಸಿದ್ದ ಹಾಸಿಗೆ. ಒಗೆದ ದುಪ್ಪಟಿ, ಎರಡು ದಿಂಬು, ಮೈ ಹೊರಳದಂತೆ ಎರಡೂ ಪಕ್ಕಕ್ಕೆ ಸುತ್ತಿಟ್ಟ ರಗ್ಗು.

"ಯಾರಿಗಕ್ಕ ಇದು?"

"ಇವರಿಗೆ." ಅವಳು ಕಪಾಟಿನ ಡಬ್ಬಿಯ ಅಡಿಯಿಂದ ಕ್ಲಬ್ಬಿನ ವಾರ್ತೆ ತೆಗೆದು ತೋರಿಸಿದಳು. "ನೆನ್ನೆ ಬಂತು. ಶನಿವಾರ ಏಳು ಮಂಚ ಕೊಡ್ತಾರೆ ಅಂತಿದೆ. ಇರೋದೇ ಏಳು ಅಂತ ನೀವೇ ಹೇಳಿದ್ರಲ್ಲ, ಇದನ್ನ ತಂದು ಹಾಕಿದ ದಿನ."

ಕಿಡಿ ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ನೀವು ಬಂದಿರೋದು ಅದಕ್ಕೇ ಅಂತ ಗೊತ್ತು ತಮ್ಮಾ. ಬಾಯಿಬಿಟ್ಟು ಹೇಳೋಕೆ ನಿಮಗೆ ಕಷ್ಟ ಆಗ್ತಿತ್ತು. ಅದಕ್ಕೇ ನಾನೂ ಸುಮ್ನೆ ಹಿಡಿ ತಿರುಗಿಸ್ತಾ ಇದ್ದೆ."

"ಡಾಕ್ಟರು ಏನಂತಾರೆ?"

"ಚಪ್ಪಟೆ ಮಲಗಿಸ್ಬೇಡಿ, ಕಫ ಎದೇಲಿ ನಿಲ್ಲುತ್ತೆ ಅಂತಾರೆ. ಹೋದ ಸಲ ನಿಂತು ಹನ್ನೊಂದು ದಿನ ಆಸ್ಪತ್ರೇಲಿದ್ವಿ. ಬೆನ್ನಿನ ಹುಣ್ಣು ಈಗ್ತಾನೇ ಒಣಗ್ತಿದೆ." ಅವಳು ದುಪ್ಪಟಿಯ ಇಲ್ಲದ ಸುಕ್ಕನ್ನು ಬಗ್ಗಿ ಸರಿಮಾಡಿದಳು. "ಎರಡು ದಿನ ತಾನೆ. ಇವರನ್ನ ಎದೆಗೆ ಒರಗಿಸ್ಕೊಂಡು ಕೂತಿರ್ತೀನಿ. ಕೊಟ್ಟೋರ ವಸ್ತು ತಮ್ಮಾ. ಎಂಟು ತಿಂಗಳು ಕೊಟ್ಟಿದ್ರಲ್ಲ, ಅದೇ ದೊಡ್ಡದು."

ಅವಳು ಕೂಗಾಡಿದ್ದರೆ, ಕ್ಲಬ್ಬಿನವರ ಮನೆ ಹಾಳಾಗ ಎಂದು ಶಪಿಸಿದ್ದರೆ, ಅವನೂ ನಾಲ್ಕು ಮಾತು ಆಡಿ ಮಂಚ ಎತ್ತಿಕೊಂಡು ಹೋಗಿಬಿಡುತ್ತಿದ್ದನೇನೋ. ಈ ಒಗೆದ ದುಪ್ಪಟಿಯ ಎದುರು ಅದಾಗಲಿಲ್ಲ. ಹೊರಗೆ ಬಂದು ಫೋನು ಮಾಡಿದ.

ಫೋನೆತ್ತಿದವರು ಕ್ಲಬ್ಬಿನ ಕಾರ್ಯದರ್ಶಿ. ರಿಟೈರಾದ ಮೇಷ್ಟ್ರು, ವಾರ್ತೆ ಬರೆಯುವವರು ಅವರೇ. ಏಳನೇ ಕ್ಲಾಸಿನಲ್ಲಿ ಕಿಡಿಗೆ ಲೆಕ್ಕ ಕಲಿಸಲು ಹೋಗಿ ಸೋತವರೂ ಅವರೇ. ಅದಾದ ಮೇಲೆ ಅವನು ಸ್ಕೂಲಿನ ಕಡೆ ತಲೆ ಹಾಕಿರಲಿಲ್ಲ.

"ಹೊರಟ್ಯೇನೋ?"

"ಆರೇ ಮಂಚ ಇಟ್ಟು ಮಾಡಿ ಸಾರ್."

"ಹಾಗಂದ್ರೆ ಹೇಗೋ? ವಾರ್ತೇಲಿ ಏಳು ಅಂತ ಅಚ್ಚಾಗಿದೆ. ದೊಡ್ಡವರಿಗೆ ಕಳಿಸಿಯೂ ಆಗಿದೆ. ಅವರು ಎಣಿಸೋ ಮನುಷ್ಯ ಕಣೋ."

"ಅಚ್ಚಾಯ್ತು ಅಂತ ಬದುಕಿರೋ ಮನುಷ್ಯನ್ನ ನೆಲಕ್ಕೆ ಹಾಕೋದಾ? ಹೋದ ವರ್ಷ ಅಜ್ಜಿ ಆಯ್ತು, ಈ ವರ್ಷ ಇವರಾ? ಬಂದು ನೀವೇ ಎತ್ಕೊಂಡು ಹೋಗಿ. ನನ್ನ ಕೈಲಾಗಲ್ಲ."

ಮೇಷ್ಟ್ರು ದನಿ ತಗ್ಗಿಸಿ, "ಅಧ್ಯಕ್ಷರು ಇಲ್ಲೇ ಇದಾರೆ. ಬರ್ತೀವಿ ಇರು," ಅಂದರು.

ಅಧ್ಯಕ್ಷರು ಬಂದರೆ ಏನಾಗುತ್ತದೆಂದು ಕಿಡಿಗೆ ಗೊತ್ತಿತ್ತು. ಇಬ್ಬರು ಹುಡುಗರನ್ನು ಕರೆತರುತ್ತಾರೆ, ಈ ಅಕ್ಕ "ಕೊಟ್ಟೋರ ವಸ್ತು" ಎಂದು ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲುತ್ತಾಳೆ. ಟೆಂಪೋದ ಹಿಂದೆ ನಿಂತು ಅವನು ತನ್ನ ಸಾಮಾನನ್ನು ನೋಡಿದ. ಕೇಬಲ್ಲು, ಮಷಿನ್ನು, ಒಂದು ಕಟ್ಟು ವೆಲ್ಡಿಂಗ್ ಕಡ್ಡಿ. ಇವೆಲ್ಲ ಹೊಟ್ಟೆ ತುಂಬಿಸುತ್ತಿದ್ದದ್ದು ಮುಕ್ಕಾಲು ಪಾಲು ಕ್ಲಬ್ಬಿನ ಕೆಲಸದಿಂದ. ಈಗ ಅವರ ಸಭಾಂಗಣದ ಗೇಟು ಅರ್ಧ ಆಗಿತ್ತು. ಮಷಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ.

"ಅಣ್ಣ, ಮಂಚದ ಕಾಲು ಅಲ್ಲಾಡ್ತಿದೆ. ಗಟ್ಟಿ ಮಾಡ್ತೀನಿ."

ಕಂಡಕ್ಟರ್ ದಿಂಬಿನ ಮೇಲೆ ತಲೆ ಹೊರಳಿಸಿದ. "ಎಂಟು ತಿಂಗಳಲ್ಲಿ ಒಂದ್ಸಲಾನೂ ಅಲ್ಲಾಡಿಲ್ಲವಲ್ಲೋ."

"ಇವತ್ತು ಅಲ್ಲಾಡ್ತಿದೆ."

ಕಂಡಕ್ಟರ್ ಅವನನ್ನೇ ನೋಡಿದ. ತುಂಬಿದ ಬಸ್ಸಿನಲ್ಲಿ ಟಿಕೆಟ್ ಇಲ್ಲದವನ ಮುಖ ಹಿಡಿಯುತ್ತಿದ್ದ ಕಣ್ಣು ಅದು. "ಹಾಗಾದ್ರೆ ಮಾಡು," ಎಂದ.

ಕಿಡಿ ರಗ್ಗು ನೆನೆಸಿ ಕಂಡಕ್ಟರನ ಕಾಲಿನಿಂದ ಎದೆಯ ತನಕ ಹೊದಿಸಿದ. ತನ್ನ ವೆಲ್ಡಿಂಗ್ ಮುಖವಾಡವನ್ನು ಅವನ ಮುಖಕ್ಕೆ ಹಾಕಿ, ತಾನು ಕಪ್ಪು ಕನ್ನಡಕ ಏರಿಸಿಕೊಂಡ. ಅಕ್ಕನನ್ನು, ಈ ಕಡೆ ನೋಡಲೇಬೇಡಿ ಎಂದು ಅಡುಗೆಮನೆಗೆ ಕಳಿಸಿದ. ಮಂಚ ಇದ್ದದ್ದು ಕಿಟಕಿಗೆ ಒತ್ತಿಕೊಂಡು. ಕಿಟಕಿಯದು ಗೋಡೆಯೊಳಗೆ ಕೂತ ಕಬ್ಬಿಣದ ಚೌಕಟ್ಟು. ಎರಡನ್ನೂ ಅರದಿಂದ ಉಜ್ಜಿದ. ಮಂಚದ ನೀಲಿ ಎದ್ದಿತು; ಅದರ ಕೆಳಗೆ ಹಸಿರು ಬಂತು, ಅದರ ಕೆಳಗೆ ಕೆನೆಬಣ್ಣ, ಅದರ ಕೆಳಗೆ ಬೂದಿ. ನಾಲ್ಕು ವರ್ಷದ ದಾನ ಉಜ್ಜಿ ಮುಗಿದ ಮೇಲೆ ಕಬ್ಬಿಣ ಸಿಕ್ಕಿತು.

"ಹೆಲ್ಮೆಟ್ ಹಾಕ್ಕೊಂಡು ಮಲಗಿರೋ ಕಂಡಕ್ಟರ್ ನಾನೊಬ್ನೇ ಇರ್ಬೇಕು," ಎಂದಿತು ಮುಖವಾಡ.

"ಮಾತಾಡ್ಬೇಡಿ ಅಣ್ಣ. ಹೊಗೆ ಕುಡೀತೀರಿ."

ಕಡ್ಡಿ ತಾಗಿದ್ದೇ ಚಟಚಟ ಎಂದಿತು. ಕೋಣೆಯಲ್ಲಿ ಬೆಳಕು ಹಾರಿ ಹಾರಿ ಬಿತ್ತು. ಮಂಚಕ್ಕೂ ಕಿಟಕಿಯ ಚೌಕಟ್ಟಿಗೂ ಸೇರಿಸಿ ತಲೆಯ ಕಡೆ ಒಂದು ತುಂಡು ಕಬ್ಬಿಣದ ಪಟ್ಟಿ, ಕಾಲ ಕಡೆ ಒಂದು ತುಂಡು ಪಟ್ಟಿ. ಬೇರೆಯವರ ಗೇಟಿಗೆ ಹಾಕುವುದಕ್ಕಿಂತ ಎರಡು ಸುತ್ತು ಜಾಸ್ತಿಯೇ ಹಾಕಿದ. ಹಿಡಿ ತಿರುಗುವ ಭಾಗಕ್ಕೆ ಎಲ್ಲೂ ತಾಗಿಸಲಿಲ್ಲ. ಕೆಲಸ ಮುಗಿಸಿ ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಕೆಂಪಗಿದ್ದದ್ದು ಕಪ್ಪಾಗುವ ತನಕ ಉಫ್ ಉಫ್ ಎಂದು ಊದುತ್ತ ಕೂತ.

ಅಕ್ಕ ಬಂದು ನೋಡಿದಳು. ಮಂಚ, ಕಿಟಕಿ, ಕಿಡಿ. ಎರಡು ಲೋಟ ಟೀ ತಂದಿದ್ದವಳು ಒಂದನ್ನು ನೆಲದ ಮೇಲಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ತಮ್ಮಾ, ನಿಮ್ಮ ಕೆಲಸಕ್ಕೆ ಕಲ್ಲು ಹಾಕ್ಕೊಂಡ್ರಲ್ಲ!"

ಕಾರು ಬಂತು.

ಅಧ್ಯಕ್ಷರದು ಊರಿನಲ್ಲೇ ದೊಡ್ಡ ಟೈಲ್ಸ್ ಅಂಗಡಿ. ಕೆಟ್ಟ ಮನುಷ್ಯ ಅಂತ ಕಿಡಿ ಯಾವತ್ತೂ ಅಂದಿರಲಿಲ್ಲ. ಕಂಡಕ್ಟರ್ ಬಸ್ಸಿನ ಮೇಲಿಂದ ಬಿದ್ದ ಸುದ್ದಿ ಕೇಳಿ, ಅವನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಂಚ ಅಲ್ಲಿರಬೇಕೆಂದು ಹಟ ಹಿಡಿದವರು ಅವರೇ. ಆದರೆ ಮಂಚ ಕೊಟ್ಟ ಮನೆಗಳ ಹೊಸಿಲು ದಾಟಿದವರಲ್ಲ. ಈಗಲೂ ಕರ್ಚೀಫು ಮೂಗಿಗೆ ಹಿಡಿದು ಬಾಗಿಲಲ್ಲಿ ನಿಂತರು. ಹಿಂದೆ ಮೇಷ್ಟ್ರು, ಕಂಕುಳಲ್ಲಿ ನಾಳೆಯ ಸಭೆಯಲ್ಲಿ ಹಂಚುವ ವಾರ್ತೆಯ ಕಟ್ಟು.

"ಏನೋ ಇದು ಹೊಗೆ?" ಅಧ್ಯಕ್ಷರು ಒಳಗೆ ಬಂದೇಬಿಟ್ಟರು. ಪಟ್ಟಿ ಕಾಣಿಸಿತು. ಮಂಚದ ಕಂಬಿ ಹಿಡಿದು ಜಗ್ಗಿದರು. ಕಿಟಕಿಯ ಗಾಜು ಗಲಗಲ ಎಂದಿತು.

"ಸ್ವಾಮೀ, ಫುಟ್‌ಬೋರ್ಡ್ ಮೇಲೆ ನಿಲ್ಬೇಡಿ," ಎಂದ ಕಂಡಕ್ಟರ್. "ಒಳಗೆ ಬೇಕಾದಷ್ಟು ಜಾಗ ಇದೆ, ಮುಂದೆ ಹೋಗಿ."

ಮೇಷ್ಟ್ರು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

"ಯಾರು ಹೇಳಿದ್ದು ನಿನಗೆ ವೆಲ್ಡಿಂಗ್ ಮಾಡು ಅಂತ?"

"ಯಾರೂ ಹೇಳಿಲ್ಲ."

"ಕಟ್ ಮಾಡು. ಈಗ್ಲೇ. ನನ್ನ ಎದುರಿಗೇ."

"ಮಾಡ್ತೀನಿ ಸಾರ್." ಕಿಡಿ ಎದ್ದು ನಿಂತ. "ಕಟ್ ಮಾಡುವಾಗ ಕಿಡಿ ಇವರ ಕಾಲ ಮೇಲೇ ಹಾರುತ್ತೆ. ಸುಟ್ಟರೂ ಇವರಿಗೆ ಗೊತ್ತಾಗಲ್ಲ. ಅದಕ್ಕೇ ಮೊದಲು ಇಳಿಸ್ಬೇಕು. ಹಾಸಿಗೆ ಅಗೋ ಅಲ್ಲಿ, ಅಕ್ಕ ನೆನ್ನೇನೇ ಹಾಸಿಟ್ಟಿದಾರೆ. ನಾನು ಭುಜ ಹಿಡೀತೀನಿ, ನೀವು ಕಾಲು ಹಿಡೀರಿ."

"ನಾನಾ?"

"ಮೇಷ್ಟ್ರಿಗೆ ಸೊಂಟನೋವು. ಅಕ್ಕ ದಿನಾ ಎತ್ತುತ್ತಾರೆ. ಇವತ್ತೊಂದಿನ ನೀವು ಎತ್ತಿ."

ಅಧ್ಯಕ್ಷರಿಗೆ ರೋಷ ಬಂತು. ಕರ್ಚೀಫನ್ನು ಜೇಬಿಗೆ ತುರುಕಿದರು, ಅಂಗಿಯ ತೋಳು ಮಡಚಿದರು, ಒದ್ದೆ ರಗ್ಗು ಸರಿಸಿ ಎರಡೂ ಕೈಯನ್ನು ಮೊಣಕಾಲಿನ ಕೆಳಗೆ ತೂರಿಸಿದರು. ಚಿಕ್ಕಂದಿನಲ್ಲಿ ಟೈಲ್ಸ್ ಪೆಟ್ಟಿಗೆ ಹೊತ್ತು ಬೆಳೆದ ಕೈ. ಭಾರಕ್ಕೆ ಬಿಗಿದುಕೊಂಡು ಎತ್ತಿತು, ಭಾರವೇ ಇರಲಿಲ್ಲ. ಎರಡು ಕಾಲೂ ಬಟ್ಟೆಯ ಹಾಗೆ ಮೇಲೆ ಬಂದವು. ಅಧ್ಯಕ್ಷರು ಹಾಗೇ ನಿಂತರು.

"ಎತ್ತಿ ಸ್ವಾಮಿ," ಎಂದ ಕಂಡಕ್ಟರ್. ಈ ಸಲ ತಮಾಷೆ ಇರಲಿಲ್ಲ. "ನೋಯಲ್ಲ."

ಅಧ್ಯಕ್ಷರು ಕಾಲುಗಳನ್ನು ಎಲ್ಲಿದ್ದವೋ ಅಲ್ಲೇ ಮೆಲ್ಲಗೆ ಇಳಿಸಿದರು. ಒಂದು ಕೈ ತೆಗೆದರು, ಆಮೇಲೆ ಇನ್ನೊಂದು. ಏನು ಮಾಡಬೇಕೋ ತೋಚದೆ ರಗ್ಗನ್ನು ಎಳೆದು ಪಾದ ಮುಚ್ಚಿದರು.

"ಎಷ್ಟು ವರ್ಷ ಸರ್ವೀಸು?"

"ಹತ್ತೊಂಬತ್ತು. ಒಂದು ದಿನಾನೂ ಕೂತಿರಲಿಲ್ಲ ಸ್ವಾಮಿ."

ಅಧ್ಯಕ್ಷರು ತಲೆಯಾಡಿಸಿದರು. ಬಾಗಿಲ ತನಕ ಹೋಗಿ, ತಿರುಗಿ ನೋಡದೆ, "ನಾಳೆಯಿಂದ ಗೇಟಿನ ಕೆಲಸಕ್ಕೆ ಬರ್ಬೇಡ ನೀನು," ಅಂದರು.

"ಆಯ್ತು," ಎಂದ ಕಿಡಿ.

ಚಪ್ಪಲಿ ಮೆಟ್ಟುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ, "ಮೇಷ್ಟ್ರೇ, ಆರು ಅಂತ ಮಾಡಿಬಿಡಿ," ಎಂದು ಹೇಳಿ ಕಾರಿನಲ್ಲಿ ಹೋಗಿ ಕೂತರು. ಕಾರು ಸ್ಟಾರ್ಟ್ ಮಾಡಲಿಲ್ಲ.

ಮೇಷ್ಟ್ರು ಹೊಸಿಲ ಮೇಲೆ ಕೂತು ಕಟ್ಟಿನ ದಾರ ಬಿಚ್ಚಿದರು. ಇನ್ನೂರು ಪ್ರತಿ. ಜೇಬಿನಲ್ಲಿ ಕೆಂಪು ಪೆನ್ನು ಇತ್ತು, ರಿಟೈರಾದರೂ ಬಿಟ್ಟಿರಲಿಲ್ಲ. ಮೊದಲ ಪ್ರತಿ ತೊಡೆಯ ಮೇಲಿಟ್ಟುಕೊಂಡು 'ಏಳು' ಎಂಬುದರ ಮೇಲೆ ಗೀಟು ಎಳೆದು 'ಆರು' ಎಂದು ಬರೆದರು. ಎರಡನೆಯದು. ಮೂರನೆಯದು. ಐದಾರು ಆದ ಮೇಲೆ ಕೊನೇ ಪುಟವನ್ನೂ ತೆಗೆದು, 'ಇಪ್ಪತ್ತೆಂಟು' ಎಂಬುದನ್ನು ಒಂದಷ್ಟು ಹೊತ್ತು ನೋಡಿ, ಅದರ ಮೇಲೂ ಗೀಟು ಎಳೆದರು.

ಕಿಡಿ ಕೇಬಲ್ ಸುತ್ತುತ್ತಿದ್ದ. ಅವನನ್ನು ದಾಟಿಕೊಂಡು ಅಕ್ಕ ಬಂದಳು. ಡಬ್ಬಿಯ ಅಡಿಯಲ್ಲಿದ್ದ ತನ್ನ ವಾರ್ತೆಯನ್ನು ಮೇಷ್ಟ್ರ ಮುಂದೆ ಹಿಡಿದಳು.

"ಇದೂ ಒಂದಿದೆ ಸಾರ್."

ಮೇಷ್ಟ್ರು ಅದನ್ನೂ ತಿದ್ದಿಕೊಟ್ಟರು. ಅವಳು ಶಾಯಿ ಒಣಗಲೆಂದು ಊದಿ, ಮಡಚಿ, ಮತ್ತೆ ಡಬ್ಬಿಯ ಅಡಿಗೆ ಇಟ್ಟಳು. ಮಂಚದ ಹಿಡಿ ತಿರುಗಿಸಿದಳು. ಈ ಸಲ ಅದು ಸದ್ದಿಲ್ಲದೆ ತಿರುಗಿತು. ಗಂಡನ ಮುಖ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ಆಮೇಲೆ ನೆಲದ ಮೇಲೆ ಮಂಡಿಯೂರಿ, ದುಪ್ಪಟಿ ತೆಗೆದು ಮಡಿಸಿ, ಹಾಸಿಗೆಯನ್ನು ಒಂದು ತುದಿಯಿಂದ ಬಿಗಿಯಾಗಿ ಸುತ್ತತೊಡಗಿದಳು. ಕಪಾಟಿನ ಮೇಲೆ ಇಡಲು ಅವಳ ಕೈ ಎಟುಕಲಿಲ್ಲ. ಕಿಡಿ ಕೇಬಲ್ ಕೆಳಗಿಟ್ಟು ಬಂದು ಹಿಂದಿನಿಂದ ಒತ್ತಿ ಮೇಲೆ ತಳ್ಳಿದ.