ಹಳೇ ನೋಟ್‌ಬುಕ್ಕಿನ ಪರವಾಗಿ ಕೂತವಳು

ಒಂದೂವರೆ ವರ್ಷ, ಪ್ರತಿ ಭಾನುವಾರ, ನಾನು ಯಂತ್ರವಾಗಿದ್ದೆ. ಅದೂ ಹಳೇ ಯಂತ್ರ.

ನಮ್ಮ ಯಜಮಾನರು ಸೇತುರಾಮ್ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಅರವತ್ತೆರಡನೇ ಇಸವಿಯಲ್ಲಿ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಕಂಪ್ಯೂಟರ್ ಚೆಸ್ ಆಡುವ ಸಂಗತಿ ಓದಿದ್ದೇ ತಡ, ಅದರದ್ದೇ ಹುಚ್ಚು. ಕಂಪ್ಯೂಟರ್ ಎಲ್ಲಿಂದ ತರುವುದು? ಜಯನಗರದ ನಮ್ಮ ಮನೆಗೆ ಆಗ ನಲ್ಲಿ ನೀರೇ ನೆಟ್ಟಗೆ ಬರುತ್ತಿರಲಿಲ್ಲ. ಹಾಗಾಗಿ ಯಂತ್ರ ಮಾಡಬೇಕಾದ ಲೆಕ್ಕವನ್ನೆಲ್ಲ ನೋಟ್‌ಬುಕ್ಕಿನಲ್ಲಿ ನಿಯಮಗಳಾಗಿ ಬರೆದರು. ಕಾಲಾಳಿಗೆ ಒಂದು ಅಂಕ, ಕುದುರೆಗೆ ಮೂರು, ಆನೆಗೆ ಐದು. ಪ್ರತಿ ನಡೆಗೂ ಅಂಕ ಕೂಡಿ, ಹೆಚ್ಚು ಬಂದದ್ದನ್ನು ಆಡಬೇಕು. ಆಮೇಲೆ ಹಲಗೆಯ ನಡುವಿನ ಮನೆಗಳನ್ನು ಹಿಡಿದರೂ ಅಂಕ ಕೊಡುವ ಹೊಸ ನಿಯಮ ಹೊಳೆಯಿತು. ಅದಕ್ಕೊಂದು ಹೊಸ ನೋಟ್‌ಬುಕ್ಕು. ಯಾವುದು ಗಟ್ಟಿ ಎಂದು ತಿಳಿಯಲು ಎರಡರ ನಡುವೆ ನಲವತ್ತು ಆಟ. ಅಂಕ ಕೂಡಿ ಕೂಡಿ ಒಂದೊಂದು ಆಟಕ್ಕೂ ಎರಡು ಭಾನುವಾರ ಹಿಡಿಯುತ್ತಿತ್ತು. ಆಡಿದ ಆಟವೇ ಮರುಕಳಿಸದ ಹಾಗೆ ಮೊದಲೆರಡು ನಡೆ ಚೀಟಿ ಎತ್ತಿ ಆಡುವುದು. ಹೊಸದು ಅವರ ಕೈಗೆ, ಹಳೇದು ನನ್ನ ಕೈಗೆ.

ನನಗೆ ಚೆಸ್ ಬರುತ್ತದೆ, ಅಪ್ಪ ಕಲಿಸಿದ್ದರು. ಸಂಕಟ ಇದ್ದದ್ದೇ ಅಲ್ಲಿ.

"ರೀ, ಈ ಕಾಲಾಳನ್ನ ಹೊಡೆದ್ರೆ ಎರಡು ನಡೆ ಬಿಟ್ಟು ನನ್ನ ಆನೆ ಹೋಗುತ್ತೆ."

"ಪುಸ್ತಕ ಏನನ್ನುತ್ತೆ?"

"ಹೊಡಿ ಅನ್ನುತ್ತೆ."

"ಹಾಗಾದ್ರೆ ಹೊಡಿ. ಯಂತ್ರಕ್ಕೆ ನಿನ್ನ ತಲೆ ಬೇಡ ವಾರಿಜಾ, ಕೈ ಸಾಕು."

ಹೊಡೆದೆ. ಆನೆ ಹೋಯಿತು. ಮೈಯೆಲ್ಲ ಉರಿಯಿತು. ಕಣ್ಣಿದ್ದೂ ಗುಂಡಿಗೆ ಬೀಳುವುದನ್ನು ವಾರವಾರ ಮಾಡಿ ನೋಡಿ, ಗೊತ್ತಾಗುತ್ತದೆ. ಆದರೂ ಯಾಕೆ ಕೂತೆ ಅಂದರೆ, ಅವರೊಂದು ಮಾತು ಕೊಟ್ಟಿದ್ದರು. ನಲವತ್ತು ಮುಗಿದ ಮೇಲೆ ನನ್ನ ಜೊತೆ ಒಂದು ಆಟ, ಪುಸ್ತಕವಿಲ್ಲದೆ. ಮದುವೆಯಾಗಿ ಆರು ವರ್ಷದಲ್ಲಿ ಒಮ್ಮೆಯೂ ನನ್ನೆದುರು ಆಡಿದವರಲ್ಲ.

ಅಂತೂ ನಲವತ್ತು ಮುಗಿಯಿತು. ಹೊಸದು ಇಪ್ಪತ್ತಮೂರು ಗೆದ್ದಿತ್ತು, ಹಳೇದು ಹನ್ನೆರಡು, ಉಳಿದ ಐದು ಸಮ. ಶನಿವಾರ ಕಾಲೇಜಿನ ಗಣಿತ ಸಂಘದಲ್ಲಿ ದೊಡ್ಡ ಪ್ರೊಫೆಸರುಗಳ ಮುಂದೆ ಅವರ ಭಾಷಣ. ಮಾರನೇ ದಿನ ನನ್ನ ಆಟ. ನನ್ನ ಅಕ್ಷರ ದುಂಡಗಿದೆ ಎಂದು ಫಲಿತಾಂಶದ ಪಟ್ಟಿಯನ್ನು ದೊಡ್ಡ ಹಾಳೆಗೆ ಇಳಿಸುವ ಕೆಲಸವೂ ನನಗೇ ಬಂತು.

ಗುರುವಾರ ಮಧ್ಯಾಹ್ನ ಬರೆಯಲು ಕೂತೆ. ಒಂದು ಅಂಕಣಕ್ಕೆ ಬಿಳಿ, ಇನ್ನೊಂದಕ್ಕೆ ಕಪ್ಪು ಎಂದು ತಲೆಬರಹ ಹಾಕಿದೆ. ಬಿಳಿಯ ಕೆಳಗೆ 'ಹೊಸದು', ಕಪ್ಪಿನ ಕೆಳಗೆ 'ಹಳೇದು'. ಮತ್ತೆ ಹೊಸದು, ಹಳೇದು. ಹದಿನೈದನೇ ಆಟಕ್ಕೆ ಬಂದಾಗ ಕೈ ನಿಂತಿತು. ನಲವತ್ತನ್ನೂ ತಿರುವಿ ನೋಡಿದೆ. ಹೊಸ ನೋಟ್‌ಬುಕ್ಕು ಒಂದು ಸಲವೂ ಕಪ್ಪು ಆಡಿರಲಿಲ್ಲ.

ಕಾರಣ ಆಯುಧಪೂಜೆ. ಹೊಸ ನೋಟ್‌ಬುಕ್ಕನ್ನು ಅವತ್ತು ಪೂಜೆಗಿಟ್ಟಿದ್ದೆವು. ಸಂಜೆ ಮೊದಲ ಆಟಕ್ಕೆ ಕೂತಾಗ ನಮ್ಮತ್ತೆ ಸೀತಮ್ಮನವರು, "ಅರಿಶಿನ ಕುಂಕುಮ ಹಚ್ಚಿದ ಪುಸ್ತಕಕ್ಕೆ ಕರೀ ಕಾಯಿ ಬೇಡ ಕಣೋ" ಅಂದರು. ಇವರು ನಕ್ಕರು, ಆದರೂ ಬಿಳಿಯನ್ನೇ ಎತ್ತಿಕೊಂಡರು. ಅದೇ ರೂಢಿಯಾಯಿತು. ಮೊದಲು ನಡೆಸುವ ಬಿಳಿಗೆ ಗೆಲುವು ಹೆಚ್ಚು ಎಂದು ನನಗೆ ಹೇಳಿಕೊಟ್ಟವರೂ ಇವರೇ. ಗೆದ್ದದ್ದು ಹೊಸ ನಿಯಮವೋ ಬಿಳಿಯೋ, ಇನ್ನು ಹೇಳುವವರು ಯಾರು?

ಹೇಳಿದರೆ ಇನ್ನೂ ನಲವತ್ತು ಆಟ, ಇನ್ನೂ ಒಂದೂವರೆ ವರ್ಷ ನನ್ನ ಆನೆಗಳ ಸಾವು. ಬಾಯಿ ಮುಚ್ಚಿಕೊಂಡರೆ ಭಾನುವಾರ ನನ್ನದು. ತಲೆ ಬೇಡ ಎಂದವರಿಗೆ ನಾನೇಕೆ ತಲೆ ಕೊಡಲಿ? ಹಾಗೆಂದುಕೊಂಡು ಇನ್ನೆರಡು ಸಾಲು ಬರೆದೂ ಬರೆದೆ. ಆದರೆ ಶನಿವಾರ ಅಷ್ಟು ಪ್ರೊಫೆಸರುಗಳೊಳಗೆ ಯಾರೋ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ. ಆಗ ಇವರು ಚಾಕ್‌ಪೀಸು ಹಿಡಿದು ಕಣ್ಣು ಪಿಳಿಪಿಳಿ ಬಿಡುವುದನ್ನು ನೆನೆಸಿಕೊಂಡು ಪೆನ್ನು ಕೆಳಗಿಟ್ಟೆ.

ಸಂಜೆ ಅವರು ಬಂದೊಡನೆ ಹಾಳೆ ತೋರಿಸಿದೆ. ಮೇಲಿಂದ ಕೆಳಕ್ಕೆ ಬೆರಳಾಡಿಸಿ ನೋಡಿದರು.

"ಇದನ್ನ ಈಗ ಹೇಳ್ತೀಯಾ?"

"ಈಗಲೇ ಕಂಡಿದ್ದು. ಇಷ್ಟು ದಿನ ಬರೀ ಕೈ ತಾನೇ ನಾನು?"

ಕೋಟನ್ನೂ ತೆಗೆಯದೆ ಹಲಗೆಯ ಮುಂದೆ ಕುಸಿದು ಕೂತರು. "ಸಂಘಕ್ಕೆ ಈ ಸಲ ಆಗಲ್ಲ ಅಂತ ಹೇಳಿಬಿಡ್ತೀನಿ," ಎಂದರು. ಆಮೇಲೆ ನನ್ನ ಮುಖ ನೋಡದೆ, "ಬಣ್ಣ ಬದಲಾಯಿಸಿ ಇನ್ನೂ ನಲವತ್ತು. ಬಾ, ಕೂತ್ಕೋ."

"ಕೂರ್ತೀನಿ. ಮೊದಲು ನನ್ನ ಆಟ. ಈಗಲೇ."

ಬಿಳಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದೆ. ಅವರು ಹಲಗೆ ನೋಡಿದರು, ತಾರಸಿ ನೋಡಿದರು. ಕೈ ತಾನಾಗಿ ಪಕ್ಕಕ್ಕೆ ಹೋಗಿ ತಡಕಾಡಿತು. ಎರಡು ನೋಟ್‌ಬುಕ್ಕೂ ನನ್ನ ಮಡಿಲಲ್ಲಿದ್ದವು.

"ವಾರಿಜಾ, ನೀನು ಸೋತ್ರೆ ಅಳಬಾರದು."

"ಸೋತ್ರೆ ಸೋಲ್ತೀನಿ ಬಿಡಿ," ಅಂದೆ. "ಈ ಸಲ ಪುಸ್ತಕ ಅಲ್ಲ, ನಾನೇ ಸೋಲ್ತೀನಿ."