ನಾಲ್ಕು ಗೂಡು, ಎರಡು ತಳಿ

ಹೋಟೆಲಿನ ಅಡುಗೆಯವರು ವಾಪಸ್ ಕಳಿಸಿದ ಪೆಟ್ಟಿಗೆಯನ್ನು ಮೈದುನ ಶೆಡ್ಡಿನ ಬಾಗಿಲಲ್ಲಿ ದೊಪ್ಪನೆ ಇಳಿಸಿದ. ಒಳಗೆ ಅದೇ ಶೆಡ್ಡಿನಲ್ಲಿ ಸಾಕಿದ ಇಪ್ಪತ್ತನಾಲ್ಕು ಗೌಜಲ ಹಕ್ಕಿಗಳ ಮಾಂಸವಿತ್ತು.

"ತಟ್ಟೆಗೆ ಹಾಕಿದ್ರೆ ಹಕ್ಕಿಗಿಂತ ತಟ್ಟೆನೇ ಜಾಸ್ತಿ ಕಾಣುತ್ತೆ ಅಂದ್ರು. ಈ ಸಲ ದೊಡ್ಡ ತಳಿ ಮರಿನೇ ತಂದಿದ್ದೀನಿ ಅತ್ತಿಗೆ. ತಪ್ಪು ನಿಮ್ಮ ಫೀಡಿಂದು."

ಹತ್ತು ವರ್ಷಗಳಿಂದ ಆ ಶೆಡ್ಡಿನ ಹಕ್ಕಿಗಳಿಗೆ ಫೀಡ್ ಕಲಸುತ್ತಿದ್ದವಳು ಅತ್ತಿಗೆಯೇ. ಮೆಕ್ಕೆಜೋಳ, ತೌಡು, ಸೋಯಾ ಹಿಂಡಿ, ಚೂರು ಮೀನಿನ ಪುಡಿ; ಅಳತೆ ಕೈಗೇ ಕೂತುಬಿಟ್ಟಿತ್ತು. ಅವಳ ಮುಖ ಕೆಂಪಾಯಿತು.

"ಇದೇ ಫೀಡ್ ತಿಂದು ಹಳೇ ಹಕ್ಕಿ ಚೆನ್ನಾಗೇ ಬೆಳೀತಿತ್ತಲ್ಲ? ನಿನ್ನ ಮರಿ ಹೆಸರಿಗಷ್ಟೇ ದೊಡ್ಡದು."

ಮೂಲೆಯಲ್ಲಿ ನೀರಿನ ಬಟ್ಟಲು ತೊಳೆಯುತ್ತಿದ್ದ ಮಾವ ತಲೆಯೆತ್ತದೆ ಹೇಳಿದರು: "ಇಬ್ಬರೂ ಬಾಯಲ್ಲೇ ತೂಗ್ತೀರಲ್ಲ, ತಕ್ಕಡಿ ಯಾಕಿದೆ?"

ಆ ಮಾತು ಅವಳಿಗೆ ಚುರುಕ್ಕೆಂದಿತು. ಅದೇ ವಾರ ಒಂದೇ ದಿನ ಮೊಟ್ಟೆಯೊಡೆದ ಎರಡೂ ತಳಿಯ ಮರಿಗಳನ್ನು ನಾಲ್ಕು ಗೂಡುಗಳಿಗೆ ಹಂಚಿದಳು, ಗೂಡಿಗೆ ಮೂವತ್ತು. ಹಳೇ ತಳಿಯ ಒಂದು ಗೂಡಿಗೆ ಮಾಮೂಲಿ ಫೀಡ್, ಇನ್ನೊಂದಕ್ಕೆ ಸೋಯಾ, ಮೀನಿನ ಪುಡಿ ಹೆಚ್ಚಿಸಿದ ಗಟ್ಟಿ ಫೀಡ್. ದೊಡ್ಡ ತಳಿಗೂ ಹಾಗೆಯೇ. ಸೋಮವಾರ ಬಂತೆಂದರೆ ಒಂದೊಂದು ಹಕ್ಕಿಯನ್ನೂ ಬಟ್ಟೆಚೀಲಕ್ಕೆ ಹಾಕಿ ತೂಗುವಳು.

"ಊಟಕ್ಕಾದ್ರೂ ಬರ್ತೀಯಾ, ನಿಂಗೂ ಅಲ್ಲೇ ಒಂದು ಗೂಡು ಮಾಡಿಸ್ಲಾ?" ಎಂದು ಗಂಡ ಹೊರಗಿನಿಂದ ಕೂಗುತ್ತಿದ್ದ.

ಮೂರನೆಯ ವಾರ ಶೆಡ್ ಗುಡಿಸಿದ ಮೈದುನ ನಡುವಿನ ಜಾಲರಿಗೆ ಚಿಲಕ ಹಾಕುವುದನ್ನು ಮರೆತ. ಬೆಳಗ್ಗೆ ನೋಡಿದರೆ ದೊಡ್ಡ ತಳಿಯ ಎರಡೂ ಗೂಡಿನ ಹಕ್ಕಿಗಳು ಬೆರೆತುಹೋಗಿದ್ದವು. ಅವಳಿಗೆ ಅಳು ಬಂದಂತಾಯಿತು.

"ದಪ್ಪಗಿರೋವನ್ನ ಗಟ್ಟಿ ಫೀಡಿನ ಕಡೆ ಬಿಟ್ರಾಯ್ತು ಬಿಡಿ ಅತ್ತಿಗೆ," ಎಂದ ಅವನು, ತಲೆ ಕೆರೆಯುತ್ತ.

"ಉತ್ತರ ಮೊದಲೇ ಬರ್ಕೊಂಡು ಪರೀಕ್ಷೆಗೆ ಕೂತಂಗೆ ಆಗುತ್ತೆ. ಬೇಡ. ಮತ್ತೆ ಮೊದಲಿಂದ."

ಎಷ್ಟು ಹೇಳಿದರೂ ಅವಳು ಪಟ್ಟು ಬಿಡಲಿಲ್ಲ. ಹೊಸ ಮರಿಗಳು ಬಂದಾಗ, ಗೂಡಿಗೊಂದು ಬಣ್ಣವೆಂದು ಓರಗಿತ್ತಿಯಿಂದ ನಾಲ್ಕು ಉಗುರುಬಣ್ಣದ ಸೀಸೆ ಕೇಳಿ ತಂದಳು. "ನನಗಂತೂ ಹಚ್ಕೊಳೋಕೆ ಪುರುಸೊತ್ತಿಲ್ಲ, ಹಕ್ಕಿಗಳಾದ್ರೂ ಮೆರೀಲಿ," ಎಂದು ಓರಗಿತ್ತಿ ನಕ್ಕಳು. ತನ್ನ ತಪ್ಪಿಗೆ ನಾಚಿದ್ದ ಮೈದುನ ನಾಲಗೆ ಕಚ್ಚಿಕೊಂಡು ನೂರಿಪ್ಪತ್ತು ಮರಿಗಳ ಉಗುರಿಗೂ ತಾನೇ ಬಣ್ಣ ಹಚ್ಚಿದ. ಬಣ್ಣ ಮಾಸದಂತೆ ವಾರವಾರವೂ ಹಚ್ಚಿದ.

ಐದು ವಾರ ತುಂಬಿದ ದಿನ ಎಲ್ಲರೂ ತಕ್ಕಡಿಯ ಸುತ್ತ ನಿಂತರು. ಮಾಮೂಲಿ ಫೀಡಿನಲ್ಲಿ ಹಳೇ ತಳಿಯ ಸರಾಸರಿ ತೂಕ ನೂರ ಎಪ್ಪತ್ತೆರಡು ಗ್ರಾಂ. ಗಟ್ಟಿ ಫೀಡಿನಲ್ಲಿ ನೂರ ಎಂಬತ್ತೊಂಬತ್ತು. ದೊಡ್ಡ ತಳಿ ಮಾಮೂಲಿ ಫೀಡಿನಲ್ಲಿ ಬರೀ ನೂರ ಅರವತ್ತೈದು, ಗಟ್ಟಿ ಫೀಡಿನಲ್ಲಿ ಇನ್ನೂರ ಐವತ್ತೆಂಟು!

ಮೈದುನ ಚೀಟಿಯನ್ನು ಎರಡೆರಡು ಸಲ ಓದಿದ. "ಇದೇನತ್ತಿಗೆ, ನನ್ನ ತಳಿನೇ ಮೊದಲು, ನನ್ನ ತಳಿನೇ ಕೊನೆ!"

ಅವಳಿಗೆ ಒಳಗೊಳಗೇ ಕಸಿವಿಸಿಯಾಯಿತು. ಹತ್ತು ವರ್ಷದ ಕೈಯಳತೆ ಅದು. ಆದರೂ ಬಾಯಿಬಿಟ್ಟು ಹೇಳಿದಳು:

"ನನ್ನ ಫೀಡ್ ಹಳೇ ಹಕ್ಕಿಗೆ ಸಾಕು, ಇವಕ್ಕೆ ಸಾಲದು. ನೀನು ಹೇಳಿದ್ರಲ್ಲಿ ಅರ್ಧ ಸರಿ."

"ಉಳಿದರ್ಧ?"

"ದೊಡ್ಡ ತಳಿ ಅಂತ ಕುಣ್ಕೊಂಡು ತಂದೆ. ಅದು ಏನು ತಿನ್ನುತ್ತೆ ಅಂತ ಕೇಳ್ಕೊಂಡು ಬಂದ್ಯಾ?"

ಅವನು ನಕ್ಕುಬಿಟ್ಟ.

ದೊಡ್ಡ ತಳಿಯ ಮುಂದಿನ ತಂಡಕ್ಕೆ ಮೊದಲ ದಿನದಿಂದಲೇ ಗಟ್ಟಿ ಫೀಡ್ ಬಿತ್ತು. ಆ ಹಕ್ಕಿಗಳಲ್ಲಿ ಒಂದನ್ನೂ ಅಡುಗೆಯವರು ಹಿಂದಕ್ಕೆ ಕಳಿಸಲಿಲ್ಲ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಮರುವಾರವೇ ಅವಳು ಮತ್ತೆ ಗೂಡುಗಳನ್ನು ತೊಳೆಯತೊಡಗಿದಳು. ದುಬಾರಿಯಾದ ಗಟ್ಟಿ ಫೀಡ್ ಐದು ವಾರವೂ ಬೇಕೋ, ಮೊದಲ ಮೂರು ವಾರ ಕೊಟ್ಟರೆ ಸಾಕೋ ಎಂಬುದು ಅವಳ ತಲೆ ಹೊಕ್ಕಿತ್ತು.

"ಈಗ್ಯಾರಮ್ಮ ನಿನ್ನ ಬೈದಿದ್ದು?" ಎಂದರು ಮಾವ.

"ಯಾರೂ ಇಲ್ಲ ಮಾವ," ಎಂದು ಅವಳು ಸೆರಗು ಸಿಕ್ಕಿಸಿಕೊಂಡಳು. "ನನಗೇ ಗೊತ್ತಾಗ್ಬೇಕು."