ಮಾತಿಲ್ಲದ ಮೂರು ಹಾಳೆ

ನನ್ನ ಓರಗಿತ್ತಿಗೆ ಮಕ್ಕಳ ಪುಸ್ತಕದ ಬಹುಮಾನ ಬಂತು. ನನಗೆ ಬರಲಿಲ್ಲ. ಪುಸ್ತಕ ಮಾತ್ರ ಒಂದೇ. ಕಥೆ ಅವಳದು, ಚಿತ್ರ ನನ್ನದು. ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು, ವರ್ಷವಿಡೀ ಗುದ್ದಾಡಿ ಮಾಡಿದ್ದು. ಆದರೆ ಬಹುಮಾನ ಕಥೆಗಾರರಿಗೆ ಮಾತ್ರವಂತೆ. ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ! ಹೊಟ್ಟೆ ಉರಿಯಿತು. ಉರಿಯದೆ ಇನ್ನೇನು? ನಾನು ಒಳ್ಳೆಯ ಚಿತ್ರಗಾರ್ತಿ, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಜೊಂಡಿನಲ್ಲಿ ದಾರಿ ತಪ್ಪಿದ ಬಾತುಮರಿಯೊಂದು ಅಮ್ಮನನ್ನು ಹುಡುಕುವ ಕಥೆ ಅದು. ನಡುವಿನ ಮೂರು ಹಾಳೆಗಳಲ್ಲಿ ಒಂದಕ್ಷರವೂ ಇಲ್ಲ. ಮೊದಲು ಅಲ್ಲೂ ಅವಳು ಬರೆದಿದ್ದಳು. ನನ್ನ ಚಿತ್ರ ನೋಡಿದವಳೇ ಪೆನ್ನು ತೆಗೆದು ಎಲ್ಲವನ್ನೂ ಹೊಡೆದುಹಾಕಿದಳು. ಏಕೆಂದು ಹೇಳಲಿಲ್ಲ. ಮನೆಯಲ್ಲಿ ಅವಳ ಹೆಸರೇ ಮೌನಗೌರಿ. ಯಾರು ಏನು ಹೇಳಿದರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಾಳೆ.

ಗೆದ್ದವರು ವೇದಿಕೆಯ ಮೇಲೆ ತಮ್ಮ ಪುಸ್ತಕವನ್ನು ಮಕ್ಕಳಿಗೆ ಓದಿ ಹೇಳಬೇಕು. ಸಮಾರಂಭಕ್ಕೆ ಮುಂಚೆ ಬಹುಮಾನ ಸಮಿತಿಯ ಕಾರ್ಯದರ್ಶಿ ನಮ್ಮ ಬಳಿ ಬಂದ.

"ನಡುವೆ ಬರೀ ಚಿತ್ರ ಇದೆಯಲ್ಲ ಮೇಡಂ, ಅದನ್ನ ಹಾರಿಸಿ ಮುಂದಕ್ಕೆ ಹೋಗಿಬಿಡಿ. ಮೈಕಿನ ಮುಂದೆ ಸುಮ್ಮನೆ ನಿಂತ್ರೆ ಚೆನ್ನಾಗಿರಲ್ಲ."

ಅವಳು ತಲೆಯಾಡಿಸಿದಳು!

ಅವನು ಅತ್ತ ಹೋದದ್ದೇ ತಡ, "ಏನೇ, ಆಡಿಸಿಬಿಟ್ಟೆಯಲ್ಲ ತಲೆ?" ಎಂದೆ. "ಪುಸ್ತಕದ ಜೀವ ಇರೋದೇ ಅಲ್ಲಿ ಕಣೇ. ಅದನ್ನ ಹಾರಿಸು ನೋಡೋಣ, ಇನ್ನು ನಿನ್ನ ಜೊತೆ ನಾನು ಪುಸ್ತಕ ಮಾಡಿದ್ರೆ ಕೇಳು."

"ಹೋಗಿ ಕೂತ್ಕೊಳ್ಳಿ ಅಕ್ಕ" ಎಂದಳು. ಅಷ್ಟೇ.

ಹೋಗಿ ಎರಡನೇ ಸಾಲಿನಲ್ಲಿ ಕೂತೆ. ಮೊದಲ ಸಾಲಿನ ತುಂಬ ಶಾಲೆಯ ಮಕ್ಕಳು. ಅವಳು ಚೆನ್ನಾಗಿಯೇ ಓದಿದಳು.

"ಬಾತುಮರಿ ಹಿಂತಿರುಗಿ ನೋಡಿತು. ಅಮ್ಮ ಕಾಣಲಿಲ್ಲ."

ಹಾಳೆ ತಿರುಗಿಸಿದಳು. ಮಾತಿಲ್ಲದ ಮೊದಲ ಹಾಳೆ. ಪಕ್ಕದಲ್ಲಿ ನಿಂತಿದ್ದ ಕಾರ್ಯದರ್ಶಿ ಕೆಮ್ಮಿದ, ಮುಂದಿನ ಹಾಳೆಗೆ ಹೋಗುವಂತೆ ಬೆರಳಾಡಿಸಿದ. ಅವಳು ಅತ್ತ ನೋಡಲೇ ಇಲ್ಲ. ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ, ಎತ್ತಿ ಹಿಡಿದು, ಸುಮ್ಮನೆ ನಿಂತಳು. ಹಿಂದೆ ಯಾರೋ ಮೈಕ್ ಕೆಟ್ಟಿದೆ ಎಂದು ಗೊಣಗಿದರು.

ಎರಡು ಜಡೆಯ ಹುಡುಗಿಯೊಬ್ಬಳು ಕುರ್ಚಿ ಹತ್ತಿ ನಿಂತಳು. "ಮರಿ ಅಲ್ಲಿದೆ! ಜೊಂಡಿನ ಹಿಂದೆ! ಬಾಲ ಕಾಣ್ತಿದೆ!"

"ಪಾಪ, ಅಳ್ತಿದೆ" ಎಂದಿತು ಇನ್ನೊಂದು ಮಗು.

"ಮುಖಾನೇ ಕಾಣ್ತಿಲ್ಲ, ಅಳೋದು ನಿಂಗೆ ಹೇಗೆ ಗೊತ್ತು?"

"ಬಾಲ ನೋಡೋ, ಗೊತ್ತಾಗುತ್ತೆ!"

ಆ ಬಾಲವನ್ನು ಎಷ್ಟು ಸಲ ಅಳಿಸಿ ಅಳಿಸಿ ಬಿಡಿಸಿದ್ದೆನೋ ನನಗೇ ಗೊತ್ತಿಲ್ಲ. ಕಣ್ಣು ತುಂಬಿ ಬಂತು. ಮೂರು ಹಾಳೆ ಮುಗಿಯುವವರೆಗೂ ಮಕ್ಕಳೇ ಕಥೆ ಹೇಳಿದರು, ಜಗಳವಾಡಿದರು, ಅಮ್ಮಬಾತು ಸಿಕ್ಕಾಗ ಹೋ ಎಂದು ಕೂಗಿದರು.

ಓದು ಮುಗಿದ ಮೇಲೆ ಅಧ್ಯಕ್ಷರು ಫಲಕ ನೀಡಿದರು. ಅವಳು ಕೈಚಾಚಲಿಲ್ಲ. ಬಗ್ಗಿ ಅದರ ಮೇಲಿದ್ದದ್ದನ್ನು ಓದಿದಳು.

"ಇದ್ರಲ್ಲಿ ನಮ್ಮಕ್ಕನ ಹೆಸರಿಲ್ಲ" ಎಂದಳು, ಮೈಕಿನಲ್ಲೇ.

"ಇದು ಕಥೆಗೆ ಕೊಡೋ ಬಹುಮಾನ ಅಮ್ಮ. ನಿಯಮ ಹಾಗಿದೆ."

"ಈಗ ಮಕ್ಕಳು ಹೇಳಿದ ಕಥೆ ನಂದಲ್ಲ ಸಾರ್. ಅಲ್ಲಿ ನಾನೂ ಬರೆದಿದ್ದೆ. ಅಕ್ಕನ ಚಿತ್ರದ ಮುಂದೆ ಸಪ್ಪೆ ಅನ್ನಿಸ್ತು, ತೆಗೆದುಹಾಕಿದೆ. ಇನ್ನೊಂದು ಹೆಸರು ಕೆತ್ತಿಸಿ ಕೊಡಿ. ಅಲ್ಲೀವರೆಗೂ ಇದು ನಿಮ್ಮ ಹತ್ರಾನೇ ಇರಲಿ."

ಎಲಾ ಇವಳ! ಅಧ್ಯಕ್ಷರು ಫಲಕ ಹಿಡಿದುಕೊಂಡೇ ನಿಂತರು. ಇವಳು ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎರಡು ಜಡೆಯ ಹುಡುಗಿ ಇನ್ನೂ ಕುರ್ಚಿಯ ಮೇಲೇ ಇದ್ದಳು. ಹಿಂತಿರುಗಿ, "ಅಕ್ಕ ಅಂದ್ರೆ ಯಾರು?" ಎಂದು ಕೂಗಿ ಕೇಳಿದಳು.

ಯಾರಾದರೂ ಕರೆಯಲಿ ಎಂದು ಕಾಯುವ ಪೈಕಿ ನಾನಲ್ಲ. ಎದ್ದು ನಿಂತು, ಮೈಕಿಲ್ಲದೆಯೇ ಇಡೀ ಸಭೆಗೆ ಕೇಳುವಂತೆ, "ನಾನು!" ಎಂದೆ.